ಶುಗರ್ ಇದೆ, ಪಾದಯಾತ್ರೆಯೂ ಮಾಡಬೇಕು: ತಯಾರಿ ಹೇಗೆ?

ಶುಗರ್ ಇರುವವರು ಪಾದಯಾತ್ರೆಗೆ ಹೊರಟೆ ಅಂದ ಕೂಡಲೇ ಮನೆಯವರು ಕೇಳುವುದು ಒಂದೇ ಮಾತು: ‘ದಾರಿಯಲ್ಲಿ ಶುಗರ್ ಜಾಸ್ತಿ ಆದ್ರೆ?’ ದಿನಕ್ಕೆ 20–25 ಕಿ.ಮೀ. ನಡೆಯುವಾಗ ಹೆಚ್ಚಾಗಿ ಕಾಡುವುದು ಏರುವ ಶುಗರ್ ಅಲ್ಲ, ಇಳಿಯುವ ಶುಗರ್. ಅದು ಬಿಟ್ಟರೆ ಪಾದ. ಬಿಸಿಲು, ಬಾಯಾರಿಕೆ, ಮಂಡಿನೋವು ಜೊತೆಯಲ್ಲಿ ನಡೆಯುವ ಎಲ್ಲರಿಗೂ ಇದ್ದದ್ದೇ.

ಮೊದಲು ಡಾಕ್ಟರ್ ಹತ್ತಿರ

ಹೊರಡುವ ಎರಡು ಮೂರು ತಿಂಗಳ ಮೊದಲೇ ಹೋಗಿ. ‘ಹೋಗಬಹುದಾ ಡಾಕ್ಟ್ರೇ?’ ಎಂದಷ್ಟೇ ಕೇಳಿದರೆ ‘ಹುಷಾರಾಗಿ ಹೋಗ್ಬನ್ನಿ’ ಎಂಬ ಉತ್ತರ ಸಿಗುತ್ತದೆ, ಅಷ್ಟೇ. ಅದರ ಬದಲು ದಿನಕ್ಕೆ ಎಷ್ಟು ದೂರ, ಎಷ್ಟು ಹೊತ್ತಿಗೆ ನಡಿಗೆ, ಊಟ ಯಾವಾಗ ಎಂದು ಒಂದು ಹಾಳೆಯಲ್ಲಿ ಬರೆದು ಅವರ ಮುಂದಿಡಿ. ಆಮೇಲೆ ಒಂದೊಂದೇ ಔಷಧಿ ಹಿಡಿದು ಕೇಳಿ: ನಡೆಯುವ ದಿನ ಇದು ಎಷ್ಟು?

ಇಷ್ಟು ಕೇಳುವುದಕ್ಕೆ ಕಾರಣವಿದೆ. ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆಗಳು ನೀವು ಊಟ ಮಾಡಿದ್ದೀರೋ ಇಲ್ಲವೋ ಎಂದು ನೋಡುವುದಿಲ್ಲ, ಶುಗರ್ ಇಳಿಸುತ್ತಲೇ ಇರುತ್ತವೆ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಈ ಭಯ ಕಡಿಮೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಬಗೆಯ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ, ಜೊತೆಗೆ ನೀರೂ ಹೋಗುತ್ತದೆ. ಬಿಸಿಲಲ್ಲಿ ನಡೆದು, ಮೇಲೆ ಉಪವಾಸವನ್ನೂ ಮಾಡಿದರೆ ರಕ್ತದಲ್ಲಿ ಕೀಟೋನ್, ಅಂದರೆ ದೇಹ ಕೊಬ್ಬನ್ನು ಕರಗಿಸುವಾಗ ಹುಟ್ಟುವ ಆಮ್ಲ, ಅಪಾಯದ ಮಟ್ಟಕ್ಕೆ ಏರಬಹುದು. ಆಗ ಮೀಟರ್‌ನಲ್ಲಿ ಶುಗರ್ ಅಷ್ಟೇನೂ ಹೆಚ್ಚು ಕಾಣದೆಯೂ ಇರಬಹುದು, ಅದೇ ಮೋಸ. ಉಪವಾಸದ ಯೋಚನೆ ಇದ್ದರೆ ಮೊದಲೇ ಬಾಯಿಬಿಟ್ಟು ಹೇಳಿ. ಡೋಸ್ ಮಾತ್ರ ಸ್ವಂತವಾಗಿ ಏರಿಸಿ ಇಳಿಸಿ ಮಾಡಬೇಡಿ.

ಕಣ್ಣು, ಹೃದಯ, ಪಾದ ಮೂರನ್ನೂ ಅದೇ ಸಲ ತೋರಿಸಿಕೊಳ್ಳಿ. ಪಾದಕ್ಕೆ ಒಂದು ನೈಲಾನ್ ಎಳೆ ಒತ್ತಿ ಸ್ಪರ್ಶ ಗೊತ್ತಾಗುತ್ತದೆಯೇ ಎಂದು ನೋಡುತ್ತಾರೆ. ಐದು ನಿಮಿಷದ ಕೆಲಸ.

ನಡೆದು ನೋಡಿ, ಬರೆದಿಡಿ

ಎಂಟು ಹತ್ತು ವಾರ ಅಭ್ಯಾಸ ಬೇಕು. ಯಾತ್ರೆಗೆ ಹಾಕುವ ಶೂ, ಕಾಲುಚೀಲ, ಹೊರುವ ಚೀಲ ಸಮೇತ ನಡೆಯಿರಿ. ನಡೆಯುವ ಮೊದಲು, ಮಧ್ಯೆ, ಮುಗಿದ ಮೇಲೆ ಶುಗರ್ ನೋಡಿ ಬರೆಯಿರಿ. ಗಂಟೆಗೆ ಎಷ್ಟು ಇಳಿಯುತ್ತದೆ ಎಂಬುದು ಒಬ್ಬೊಬ್ಬರಿಗೆ ಒಂದೊಂದು ಥರ. ಪಕ್ಕದವರ ಲೆಕ್ಕ ನಿಮಗೆ ಹೊಂದುವುದಿಲ್ಲ. ಕೆಲವು ವಾರವಾದರೂ ಎರಡು ದಿನ ಬೆನ್ನುಬೆನ್ನಿಗೆ ನಡೆಯಿರಿ. ಮೊದಲ ದಿನ ಖಾಲಿಯಾದ ಸ್ನಾಯುಗಳು ಎರಡನೆಯ ದಿನವೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತಿರುತ್ತವೆ. ಯಾತ್ರೆಯ ನಿಜವಾದ ರುಚಿ ಗೊತ್ತಾಗುವುದು ಆ ಎರಡನೆಯ ದಿನವೇ.

ಶುಗರ್ ಲೋ ಆದಾಗ

ಕೈ ನಡುಕ, ಬೆವರು, ಹಸಿವು, ಸುಮ್‌ಸುಮ್ನೆ ಸಿಡುಕು. ಲಕ್ಷಣ ಎಲ್ಲರಿಗೂ ಗೊತ್ತು. ಆದರೆ ನಡೆಯುವಾಗ ಬೆವರು ಹೇಗೂ ಇರುತ್ತದೆ, ಸುಸ್ತೂ ಇರುತ್ತದೆ, ಹತ್ತನೇ ಕಿಲೋಮೀಟರಿನಲ್ಲಿ ಸಿಡುಕು ಯಾರಿಗೆ ಇರುವುದಿಲ್ಲ? ಬಿಪಿಗೆಂದು ಅಟೆನೊಲಾಲ್, ಮೆಟೊಪ್ರೊಲಾಲ್ ನುಂಗುವವರಿಗೆ ನಡುಕ, ಎದೆಬಡಿತ ಅಷ್ಟಾಗಿ ಗೊತ್ತಾಗುವುದೇ ಇಲ್ಲ. ಹಾಗಾಗಿ ಊಹೆ ಬೇಡ. ಅನುಮಾನ ಬಂದರೆ ಕುಳಿತು ಮೀಟರ್ ತೆಗೆಯಿರಿ. ಮೀಟರ್ ಕೈಗೆ ಸಿಗದಿದ್ದರೆ ಮೊದಲು ಗ್ಲೂಕೋಸ್, ಆಮೇಲೆ ಹುಡುಕಾಟ.

70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್, ಅಂದರೆ ಸುಮಾರು ಮೂರು ಟೀ ಚಮಚ ಪುಡಿ, ನೀರಿಗೆ ಹಾಕಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ. ಏರಿದ ಮೇಲೆ ಏನಾದರೂ ತಿಂದೇ ಹೊರಡಿ. ಚಾಕೊಲೇಟ್ ಬೇಡ, ಅದರಲ್ಲಿರುವ ಕೊಬ್ಬು ಸಕ್ಕರೆಯನ್ನು ತಡ ಮಾಡುತ್ತದೆ. ವೊಗ್ಲಿಬೋಸ್, ಅಕಾರ್ಬೋಸ್ ತೆಗೆದುಕೊಳ್ಳುವವರಿಗೆ ಮಾಮೂಲಿ ಸಕ್ಕರೆಯೂ ಬೇಗ ಹತ್ತುವುದಿಲ್ಲ, ಗ್ಲೂಕೋಸೇ ಆಗಬೇಕು. ಪೊಟ್ಟಣ ಜೇಬಿನಲ್ಲಿರಲಿ, ಸಾಮಾನಿನ ಗಾಡಿಯಲ್ಲಲ್ಲ.

ಜೊತೆಗಾರರೊಬ್ಬರಿಗೆ ಇದನ್ನೆಲ್ಲ ಹೇಳಿಕೊಡಿ. ಮುಖ್ಯವಾಗಿ, ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು. ಮಗ್ಗುಲಿಗೆ ಮಲಗಿಸಿ ಆಂಬುಲೆನ್ಸ್ ಕರೆಯಬೇಕು.

ಇನ್ನೂ ಒಂದಿದೆ. ನಡಿಗೆ ಮುಗಿದ ಮೇಲೂ, ಕೆಲವೊಮ್ಮೆ 24 ಗಂಟೆಯವರೆಗೆ, ಶುಗರ್ ಇಳಿಯಬಹುದು. ತಂಗಿದ ಕಡೆ ಎಲ್ಲರೂ ಗೊರಕೆ ಹೊಡೆಯುವ ಹೊತ್ತಿನಲ್ಲಿ ಹೀಗಾದರೆ ನೋಡುವವರಿಲ್ಲ. ಮಲಗುವ ಮುಂಚೆ ಒಮ್ಮೆ ಪರೀಕ್ಷಿಸಿ, ಗ್ಲೂಕೋಸ್ ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಳ್ಳಿ.

ಇನ್ಸುಲಿನ್, ಮೀಟರ್

ತೆರೆಯದ ಇನ್ಸುಲಿನ್‌ಗೆ 2–8 ಡಿಗ್ರಿ ಬೇಕು. ಬಳಕೆಯಲ್ಲಿರುವವುಗಳಲ್ಲಿ ಹೆಚ್ಚಿನವನ್ನು ನಾಲ್ಕು ವಾರದವರೆಗೆ ಹೊರಗಿಡಬಹುದು, ಆದರೆ ಬಿಸಿಲು ತಾಗಬಾರದು. ಹಾಗೆಂದು ಐಸ್‌ಗೆ ತಾಗಿಸಿ ಇಟ್ಟರೆ ಇನ್ನೂ ಕೆಟ್ಟದ್ದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ಇನ್ಸುಲಿನ್ ಪೆನ್ನನ್ನು ಬಟ್ಟೆಗಳ ನಡುವೆ ಸುತ್ತಿ ಚೀಲದ ಮಧ್ಯದಲ್ಲಿಡಿ. ಔಷಧಿ ಎರಡು ಚೀಲಗಳಲ್ಲಿ ಹಂಚಿರಲಿ, ಒಂದು ಕಳೆದರೂ ಇನ್ನೊಂದು ಇರುತ್ತದೆ. ನಡೆಯುವ ಮುಂಚೆ ತೊಡೆಗೆ ಚುಚ್ಚಿಕೊಳ್ಳಬೇಡಿ. ಓಡಾಡುವ ಕಾಲಿನಿಂದ ಇನ್ಸುಲಿನ್ ಬೇಗ ರಕ್ತಕ್ಕಿಳಿಯುತ್ತದೆ. ಹೊಟ್ಟೆಯೇ ಒಳ್ಳೆಯದು. ಪರೀಕ್ಷಿಸುವ ಮೊದಲು ಕೈ ತೊಳೆಯಿರಿ. ಬೆರಳಿಗೆ ಅಂಟಿದ ಸಿಹಿಯನ್ನೂ ಮೀಟರ್ ಲೆಕ್ಕಕ್ಕೆ ಹಿಡಿದುಬಿಡುತ್ತದೆ.

ಪಾದ

ಒಮ್ಮೆ ನಡಿಗೆಯಲ್ಲಿ ನಮ್ಮ ಜೊತೆಗಿದ್ದ ಹಿರಿಯರೊಬ್ಬರು ಸಂಜೆ ಶೂ ಬಿಚ್ಚಿ ಮಗುಚಿದರು. ಕಡಲೆಕಾಳಿನಷ್ಟು ದೊಡ್ಡ ಕಲ್ಲೊಂದು ಟಪ್ಪನೆ ಬಿತ್ತು. ಕಾಲುಚೀಲದ ಹಿಮ್ಮಡಿಯಲ್ಲಿ ಕೆಂಪು ಕಲೆ. ಬೆಳಿಗ್ಗೆಯಿಂದ ಅದರ ಮೇಲೇ ನಡೆದಿದ್ದರು. ‘ನೋವೇ ಇರಲಿಲ್ವಲ್ಲ’ ಅಂದರು. ನನಗೆ ಹೆದರಿಕೆಯಾಗಿದ್ದು ಆ ಮಾತು ಕೇಳಿಯೇ.

ಶುಗರ್‌ನಿಂದ ನರಗಳು ಮಂಕಾದರೆ ಹೀಗಾಗುತ್ತದೆ. ನೋವು ಹೇಳಬೇಕಾದ್ದನ್ನು ಕಣ್ಣು ನೋಡಬೇಕು. ಶೂ ಹಾಕುವ ಮುಂಚೆ ಪ್ರತಿ ಸಲ ಒಳಗೆ ಕೈಯಾಡಿಸಿ. ನಿಂತಾಗಲೆಲ್ಲ ಒದ್ದೆ ಕಾಲುಚೀಲ ಬದಲಿಸಿ. ಸಂಜೆ ಎರಡೂ ಅಂಗಾಲಿನ ಫೋಟೊ ಮೊಬೈಲಿನಲ್ಲಿ ತೆಗೆದು ನಿನ್ನೆಯದರ ಪಕ್ಕ ಇಟ್ಟು ನೋಡಿ. ಬಗ್ಗಲಾಗದವರಿಗೆ ಇದು ಕನ್ನಡಿಗಿಂತ ಸುಲಭ, ಹೊಸ ಕೆಂಪು ಕಲೆ ತಕ್ಷಣ ಕಾಣುತ್ತದೆ. ಬೆರಳ ಸಂದಿ ಒರೆಸಿ ಒಣಗಿಸಿ. ಎಣ್ಣೆ, ಕ್ರೀಮು ಅಂಗಾಲಿಗೆ ಸರಿ, ಸಂದಿಗೆ ಬೇಡ. ದಣಿವಾರಲೆಂದು ಬಿಸಿನೀರಿನಲ್ಲಿ ಕಾಲಿಡುವ ಆಸೆಯನ್ನು ಬಿಟ್ಟುಬಿಡಿ, ಸುಟ್ಟರೂ ಗೊತ್ತಾಗುವುದಿಲ್ಲ.

ಬೊಬ್ಬೆ ಎದ್ದರೆ ಸೂಜಿ ಹಾಕಬೇಡಿ, ಒಣ ಪಟ್ಟಿ ಸುತ್ತಿ. ತಾನಾಗಿ ಒಡೆದಿದ್ದರೆ ಶುದ್ಧ ನೀರಿನಲ್ಲಿ ತೊಳೆದು ಮುಚ್ಚಿ, ಡಾಕ್ಟರಿಗೆ ತೋರಿಸಿ. ಬರಿಗಾಲಿನ ಹರಕೆ ಹೊತ್ತವರಿಗೆ ಈ ಮಾತು ಬೇಸರ ತರಬಹುದು, ಆದರೂ ಹೇಳಲೇಬೇಕು: ಪಾದದ ಸ್ಪರ್ಶ ಕಡಿಮೆಯಾದವರು ಬರಿಗಾಲಲ್ಲಿ ನಡೆಯಬಾರದು. ಹರಕೆಗೆ ಬೇರೆ ದಾರಿ ಹುಡುಕಿಕೊಳ್ಳಿ.

ಗಾಡಿ ಹತ್ತಬೇಕಾದ ದಿನ

ಎದೆನೋವು, ಬಿಡದ ವಾಂತಿ, ಕಾಲಿನಲ್ಲಿ ಹರಡುತ್ತಿರುವ ಕೆಂಪು, ಕೀವು, ಜ್ವರ. ಇವುಗಳಲ್ಲಿ ಒಂದು ಕಂಡರೂ ನಡಿಗೆ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಶುಗರ್ 250 ದಾಟಿ ಕೀಟೋನ್ ಕೂಡ ಇದ್ದರೆ ನಡೆದು ಇಳಿಸುತ್ತೇನೆ ಎನ್ನಬೇಡಿ. ನಡೆದರೆ ಅದು ಇನ್ನೂ ಏರುತ್ತದೆ.

ಮನೆಗೆ ಬಂದ ಮೇಲೆ

ಯಾತ್ರೆಗೆಂದು ಕಡಿಮೆ ಮಾಡಿದ ಡೋಸನ್ನು ಮೊದಲಿನಂತೆ ಮಾಡುವುದು ಯಾವಾಗ ಎಂದು ಹೊರಡುವಾಗಲೇ ಕೇಳಿಟ್ಟುಕೊಂಡಿರಿ. ತಲುಪಿದ ರಾತ್ರಿಯೇ ಪೂರ್ತಿ ಡೋಸ್ ತೆಗೆದುಕೊಂಡರೆ ದಣಿದ ಮೈಗೆ ಅದು ಜಾಸ್ತಿಯಾಗಬಹುದು. ವಾರಗಟ್ಟಲೆ ಹಾಗೇ ಬಿಟ್ಟರೆ ಶುಗರ್ ಏರುತ್ತದೆ. ಬರೆದಿಟ್ಟ ಹಾಳೆಗಳನ್ನು ಎಸೆಯಬೇಡಿ, ಡಾಕ್ಟರಿಗೆ ತೋರಿಸಿ. ಅಂಗಾಲಿನ ಫೋಟೊ ಇನ್ನೂ ಒಂದು ವಾರ ತೆಗೆಯುತ್ತಿರಿ.