ಅಡುಗೆಮನೆ ಕ್ಯಾಲೆಂಡರ್ ಹಿಡಿದು ಮ್ಯಾರಥಾನಿಗೆ ತಯಾರಾಗುವುದು

ಮೊದಲು ಗೋಡೆಯ ಕ್ಯಾಲೆಂಡರ್ ಇಳಿಸಿಕೊಳ್ಳಿ. ಫೋನಿನಲ್ಲಿರುವುದಲ್ಲ. ಅಮಾವಾಸ್ಯೆ, ಹುಣ್ಣಿಮೆ, ರಾಹುಕಾಲ ಎಲ್ಲ ಇರುವ, ಹಾಲಿನ ಲೆಕ್ಕ ಬರೆದಿಡುವ ಆ ಕ್ಯಾಲೆಂಡರ್. ಮುಂಬೈ ಮ್ಯಾರಥಾನ್ ನಡೆಯುವುದು ಜನವರಿಯ ಮೂರನೇ ಭಾನುವಾರ. ಅಲ್ಲಿಂದ 18 ವಾರ ಹಿಂದಕ್ಕೆ ಎಣಿಸಿದರೆ ಸೆಪ್ಟೆಂಬರ್ ಮಧ್ಯಕ್ಕೆ ಬಂದು ನಿಲ್ಲುತ್ತೀರಿ. ಜನವರಿಯ ಹಾಳೆ ಇನ್ನೂ ಬಂದಿರುವುದಿಲ್ಲ, ಡಿಸೆಂಬರ್ ಹಾಳೆಯ ಹಿಂದೆ ಪೆನ್ನಿನಲ್ಲಿ ಬರೆದುಕೊಳ್ಳಿ. ಈ 18 ವಾರದಲ್ಲಿ ಏನೇನು ಬರುತ್ತದೆ ನೋಡಿ: ದಸರಾ, ದೀಪಾವಳಿ, ಕಡಲೆಕಾಯಿ ಪರಿಷೆ, ಅವರೆಕಾಯಿ ಕಾಲ, ಸಂಕ್ರಾಂತಿ. ಕೆಲವು ವರ್ಷ ಗಣೇಶನೂ ಸೇರಿಕೊಳ್ಳುತ್ತಾನೆ.

ಇಂಟರ್ನೆಟ್ಟಿನಲ್ಲಿ ಸಿಗುವ ತರಬೇತಿ ಪಟ್ಟಿಗೆ ಇದ್ಯಾವುದೂ ಗೊತ್ತಿಲ್ಲ. ಮೊದಲ ವರ್ಷ ನಾನು ಅಂಥದ್ದೊಂದನ್ನು ಪ್ರಿಂಟ್ ತೆಗೆದು ಫ್ರಿಜ್ಜಿಗೆ ಅಂಟಿಸಿದ್ದೆ. ದೀಪಾವಳಿ ವಾರ ನಾಲ್ಕು ಓಟ ತಪ್ಪಿತು. ಬ್ಯಾಂಕಿನವಳ ಬುದ್ಧಿ, ಬಾಕಿ ಉಳಿಸಿಕೊಂಡರೆ ನಿದ್ದೆ ಬರುವುದಿಲ್ಲ. ಮುಂದಿನ ವಾರ ಏಳು ದಿನವೂ ಓಡಿದೆ. ಎಂಟನೇ ದಿನ ಮೊಣಕಾಲ ಕೆಳಗೆ, ಮುಂದಿನ ಎಲುಬಿನ ಉದ್ದಕ್ಕೂ ನೋವು. ಮೂರು ವಾರ ಓಟ ಬಂದ್. ಫಿಸಿಯೋ ಹತ್ತಿರ ಹೋದರೆ ಅವರು ಒಂದೇ ಮಾತು ಹೇಳಿದರು: "ಮೇಡಂ, ತಪ್ಪಿದ್ದು ತಪ್ಪಿತು. ಇದು ಸಾಲ ಅಲ್ಲ, ತೀರಿಸೋಕೆ ಹೋಗಬೇಡಿ." ಅಂದಿನಿಂದ ಹಬ್ಬಗಳನ್ನು ಮೊದಲು ಗುರುತು ಹಾಕುತ್ತೇನೆ, ಓಟವನ್ನು ಆಮೇಲೆ.

ನನಗೆ 44 ವರ್ಷ. ಮನೆ ಬೆಂಗಳೂರಿನ ಹನುಮಂತನಗರ. ಪಿಯುಸಿ ಓದುವ ಮಗ, ಸಕ್ಕರೆ ಕಾಯಿಲೆಯ ಅತ್ತೆ, ಒಂಬತ್ತೂವರೆಗೆ ಬ್ಯಾಂಕಿನ ಕೌಂಟರ್. ಶಾಲೆಯಲ್ಲಿ ಓಡಿದವಳಲ್ಲ, ಥ್ರೋಬಾಲ್ ಟೀಮಿನಲ್ಲಿ ನೀರು ಕೊಡುತ್ತಿದ್ದವಳು. ಮುಂಬೈಯನ್ನು ಎರಡು ಸಲ ಮುಗಿಸಿದ್ದೇನೆ. ಅದಕ್ಕಿಂತ ಜಾಸ್ತಿ ಅರ್ಹತೆ ನನಗಿಲ್ಲ. ಮೊದಲ ದಿನ ನಾನು ಶೂ ಕಟ್ಟುತ್ತಿದ್ದಾಗ ಅತ್ತೆ ಕೇಳಿದ್ದರು: "ಅಟ್ಟಿಸ್ಕೊಂಡು ಯಾರು ಬರ್ತಿದಾರೆ ಅಂತ ಓಡ್ತೀಯಮ್ಮ?" ಇವತ್ತಿನವರೆಗೂ ನನ್ನಲ್ಲಿ ಸರಿಯಾದ ಉತ್ತರ ಇಲ್ಲ.

18 ವಾರ ಶುರುವಾಗುವ ಹೊತ್ತಿಗೆ ನಿಲ್ಲದೆ 10 ಕಿಲೋಮೀಟರ್ ಓಡಲು ಬರಬೇಕು. ಬರದಿದ್ದರೆ ಈ ವರ್ಷ ಮ್ಯಾರಥಾನ್ ಬೇಡ, ಬೇಸಿಗೆಯಲ್ಲಿ ನಮ್ಮೂರಲ್ಲೇ ನಡೆಯುವ 10 ಕಿ.ಮೀ. ರೇಸು, ವರ್ಲ್ಡ್ 10ಕೆ ಓಡಿ. ಬಂದರೆ ವಾರಕ್ಕೆ ನಾಲ್ಕು ಓಟ ಸಾಕು. ಮಂಗಳವಾರ 6ರಿಂದ 8 ಕಿ.ಮೀ. ನಿಧಾನ. ಗುರುವಾರ ಏರು. ಶನಿವಾರ 5 ಕಿ.ಮೀ., ಸುಮ್ನೆ ಕಾಲು ಸಡಿಲ ಮಾಡಿಕೊಳ್ಳಲು. ಭಾನುವಾರ ಉದ್ದದ ಓಟ. ಉದ್ದದ ಓಟ 12ರಿಂದ ಶುರು ಮಾಡಿ ಮೂರು ವಾರ ಒಂದೆರಡು ಕಿ.ಮೀ. ಏರಿಸಿ, ನಾಲ್ಕನೇ ವಾರ ಇಳಿಸಿ. ಆ ಇಳಿಸುವ ವಾರವನ್ನು ಹಬ್ಬದ ವಾರಕ್ಕೆ ಹೊಂದಿಸಿಕೊಳ್ಳುವುದೇ ಇಡೀ ಗುಟ್ಟು. ದಸರಾ ಒಂದು ಇಳಿತ, ದೀಪಾವಳಿ ಇನ್ನೊಂದು. ಆಗ ಹೋಳಿಗೆ ತಟ್ಟುತ್ತಾ ನಿಂತಾಗ "ಅಯ್ಯೋ ಓಟ ತಪ್ಪಿತು" ಅನ್ನುವ ಕೊರಗು ಇರುವುದಿಲ್ಲ. 30ರಿಂದ 32 ಕಿ.ಮೀ.ಯ ದೊಡ್ಡ ಓಟ ಡಿಸೆಂಬರ್ ಕೊನೆಗೆ, ರೇಸಿಗೆ ಮೂರು ವಾರ ಇರುವಾಗ. ಆಮೇಲೆ ಇಳಿಸುತ್ತಾ ಬನ್ನಿ. ಪೂರ್ತಿ 42.195 ಕಿ.ಮೀ. ತರಬೇತಿಯಲ್ಲಿ ಓಡಬೇಕಾಗಿಲ್ಲ, ಓಡಲೂ ಬೇಡಿ.

ನಿಧಾನ ಅಂದೆನಲ್ಲ, ಎಷ್ಟು ನಿಧಾನ? ಓಡುತ್ತಾ ಪಕ್ಕದವರಿಗೆ ನಿನ್ನೆ ಮಾಡಿದ ಹಾಗಲಕಾಯಿ ಗೊಜ್ಜಿನ ವಿಧಾನ ಪೂರ್ತಿ ಹೇಳಲು ಆಗಬೇಕು. "ಹುಣಸೆ... ಬೆಲ್ಲ... ಉಪ್ಪು..." ಅಂತ ಒಂದೊಂದೇ ಪದ ಹೊರಗೆ ಬರುತ್ತಿದ್ದರೆ ವೇಗ ಜಾಸ್ತಿ ಆಯಿತು. ನನಗೆ ಆ ವೇಗ ಕಿಲೋಮೀಟರಿಗೆ ಎಂಟೂವರೆ ನಿಮಿಷ. ಲಾಲ್‌ಬಾಗಿನಲ್ಲಿ ವಾಕಿಂಗ್ ಬರುವ ತಾತಂದಿರೇ ಕೆಲವೊಮ್ಮೆ ನನ್ನನ್ನು ದಾಟುತ್ತಾರೆ. ದಾಟಲಿ. ವಾರದ ಬಹುಪಾಲು ಓಟ ಹೀಗೇ ಇರಬೇಕು. ಹಾಗಿದ್ದರೇ ಕಾಲು ಮರುದಿನವೂ ನಿಮ್ಮದಾಗಿರುತ್ತದೆ.

ಏರಿಗೆ ನಮ್ಮ ಏರಿಯಾದಲ್ಲಿ ಬರವಿಲ್ಲ. ರಾಮಾಂಜನೇಯ ಗುಡ್ಡದ ಸುತ್ತಮುತ್ತಲಿನ ಯಾವ ರಸ್ತೆ ಹಿಡಿದರೂ ಏರೇ. ಒಂದು ನಿಮಿಷ ಮೇಲಕ್ಕೆ ಓಟ, ನಡೆದುಕೊಂಡು ಕೆಳಗೆ. ಆರು ಸಲದಿಂದ ಶುರು ಮಾಡಿ ಹತ್ತಕ್ಕೆ ನಿಲ್ಲಿಸಿ. ಇದೇಕೆ ಅಂತ ಮುಂಬೈ ರೇಸಿನಲ್ಲಿ ಬರುವ ಪೆಡ್ಡರ್ ರೋಡಿನ ಏರಿನಲ್ಲಿ ಗೊತ್ತಾಗುತ್ತದೆ. ಇನ್ನು ಜಿಮ್ಮಿಗೆ ಹೋಗಲು ನನಗೆ ಹೊತ್ತಿಲ್ಲ. ಕುಕ್ಕರ್ ಮೂರು ವಿಷಲ್ ಕೂಗುವಷ್ಟರಲ್ಲಿ ಒಂದೇ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುತ್ತೇನೆ, ಕಾಲಿಗೆ 20 ಸಲ. ಬೇಳೆಯೂ ಬೇಯುತ್ತದೆ, ಮೀನಖಂಡವೂ ಗಟ್ಟಿಯಾಗುತ್ತದೆ.

ಬೆಂಗಳೂರಿನಲ್ಲಿ ಓಡುವವರು ಕಾಲ ಕೆಳಗೆ ನೋಡಬೇಕು, ಅದರಲ್ಲೂ ಹಬ್ಬದ ಮರುದಿನ. ಆಯುಧಪೂಜೆಯ ಮಾರನೆ ಬೆಳಿಗ್ಗೆ ರಸ್ತೆ ತುಂಬ ಒಡೆದ ಬೂದಗುಂಬಳ, ಕುಂಕುಮ, ನಿಂಬೆಹಣ್ಣು. ಕತ್ತಲಲ್ಲಿ ಅದರ ಮೇಲೆ ಹೆಜ್ಜೆ ಇಟ್ಟರೆ ಸೀದಾ ನೆಲಕ್ಕೆ. ನಾನು ಬಿದ್ದಿದ್ದೇನೆ, ಗಾಂಧಿ ಬಜಾರಿನ ಹೂವಿನವರ ಎದುರಿಗೇ. ದೀಪಾವಳಿಯ ದಿನಗಳಲ್ಲಿ ಬೆಳಿಗ್ಗೆಯೂ ಪಟಾಕಿ ಹೊಗೆ ಕೆಳಗೇ ನಿಂತಿರುತ್ತದೆ, ಓಡಬೇಡಿ. ಮನೆಯಲ್ಲಿ ಮೆಟ್ಟಿಲು ಹತ್ತಿ ಇಳಿಯಿರಿ, ಇಲ್ಲ ಮಲಗಿ. ಕಾರ್ತೀಕದ ಕೊನೆಯ ಸೋಮವಾರ ಪರಿಷೆ. ಅದರ ಹಿಂದಿನ ಭಾನುವಾರಕ್ಕೇ ಬುಲ್ ಟೆಂಪಲ್ ರೋಡಿನ ಎರಡೂ ಕಡೆ ಕಡಲೆಕಾಯಿ ರಾಶಿ ಬಿದ್ದಿರುತ್ತದೆ. ಆ ವಾರ ಉದ್ದದ ಓಟದ ದಾರಿ ಬದಲಿಸಿ. ಅಥವಾ ನನ್ನ ಹಾಗೆ ಕೊನೆಯ ಒಂದು ಕಿ.ಮೀ. ನಡೆದು, ಸೇರು ಕಾಯಿ ಕಟ್ಟಿಸಿಕೊಂಡು ಮನೆಗೆ ಹೋಗಿ.

ಭಾನುವಾರದ ನನ್ನ ದಾರಿ ಹೀಗೆ: ಮನೆಯಿಂದ ಗಾಂಧಿ ಬಜಾರ್, ಅಲ್ಲಿಂದ ಲಾಲ್‌ಬಾಗ್, ಒಳಗೆ ಸುತ್ತು, ಆಮೇಲೆ ಕಬ್ಬನ್ ಪಾರ್ಕ್. ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ, ಆ ಖುಷಿಗೇ ಎರಡು ಸುತ್ತು ಜಾಸ್ತಿ ಓಡಬಹುದು. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಅದರ ಮೇಲೆ ಓಡಬೇಡಿ, ವಾಪಸ್ ಬರುವಾಗ ಶೂ ಬಿಚ್ಚಿ ಕೂತುಕೊಳ್ಳಿ. ಹೆಣ್ಣುಮಕ್ಕಳಿಗೆ ಒಂದು ಮಾತು. ದಾರಿಯನ್ನು ಶೌಚಾಲಯದ ಲೆಕ್ಕದಲ್ಲಿ ಹಾಕಿಕೊಳ್ಳಿ. ಎರಡು ಉದ್ಯಾನಗಳನ್ನೂ ಸೇರಿಸಿಕೊಳ್ಳಲು ನನಗಿರುವ ಮುಖ್ಯ ಕಾರಣ ಅದೇ. ತಿಂಗಳ ದಿನಗಳನ್ನೂ ಅದೇ ಕ್ಯಾಲೆಂಡರಿನಲ್ಲಿ ಸಣ್ಣ ಚುಕ್ಕೆ ಇಟ್ಟು ಗುರುತಿಸಿ, ಉದ್ದದ ಓಟ ಮೊದಲೆರಡು ದಿನಕ್ಕೆ ಬೀಳದಂತೆ ಒಂದು ವಾರ ಆಚೀಚೆ ಮಾಡಿ. ಬೆಳಕು ಹರಿಯುವ ಮುಂಚೆ ಒಬ್ಬರೇ ಹೋಗಬೇಡಿ. ನಾವು ಮೂವರು ಹೋಗುತ್ತೇವೆ, ಒಬ್ಬರು ಟೈಲರ್, ಒಬ್ಬರು ನರ್ಸ್. ನಾಯಿ ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ ನಡೆಯಿರಿ, ಬಹಳಷ್ಟು ಸಲ ಅದಕ್ಕೂ ಆಸಕ್ತಿ ಹೋಗುತ್ತದೆ. ಕಚ್ಚಿದರೆ ಗಾಯವನ್ನು ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರು ಮಾಡಿಸಿ.

ಶೂ ಕೊಳ್ಳಲು ಸಂಜೆ ಹೋಗಿ. ದಿನವಿಡೀ ನಿಂತ ಪಾದ ಅಷ್ಟೊತ್ತಿಗೆ ಸ್ವಲ್ಪ ಊದಿರುತ್ತದೆ, 30 ಕಿ.ಮೀ. ಆದಮೇಲೂ ಹಾಗೇ ಊದುತ್ತದೆ. ಹೆಬ್ಬೆರಳಿನ ಮುಂದೆ ಒಂದು ಬೆರಳಗಲ ಜಾಗ ಇರಲಿ.

ಈಗ ಊಟ. ಒಂದೂವರೆ ಗಂಟೆಗಿಂತ ಉದ್ದ ಓಡುವಾಗ ದಾರಿಯಲ್ಲೇ ತಿನ್ನಬೇಕು. ಮೈಯಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಬಹಳ ಜನಕ್ಕೆ 30 ಕಿ.ಮೀ. ಹತ್ತಿರ ಮುಗಿಯುತ್ತಾ ಬರುತ್ತದೆ, ಆಮೇಲೆ ಕಾಲು ಸಿಮೆಂಟು. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು. ಓಟಗಾರರು ಪೊಟ್ಟಣದಿಂದ ಹೀರುವ ಸಕ್ಕರೆಯ ಜೆಲ್ ನನಗೆ ಆಗಲಿಲ್ಲ, ಅಂಟು ಕುಡಿದ ಹಾಗಾಗುತ್ತದೆ. ಮೆತ್ತನೆಯ ಸಣ್ಣ ಖರ್ಜೂರ ಒಂದಕ್ಕೆ ಐದಾರು ಗ್ರಾಂ, ಬೀಜ ತೆಗೆದು ಗಂಟೆಗೆ ಏಳೆಂಟು ತಿನ್ನುತ್ತೇನೆ. ಕಡಲೆ ಚಿಕ್ಕಿಯನ್ನೂ ಪ್ರಯತ್ನಿಸಿದೆ. ಓಡುತ್ತಾ ಚಿಕ್ಕಿ ಜಗಿಯುವುದು ಎರಡು ಕೆಲಸ, ಹಲ್ಲಿಗೆ ಸಿಕ್ಕಿದ್ದನ್ನು ಬಿಡಿಸುವುದು ಮೂರನೆಯದು. ಓಆರ್‌ಎಸ್ ಪ್ಯಾಕೆಟ್ ಮೇಲೆ ಒಂದು ಲೀಟರ್ ಅಂತ ಬರೆದಿದ್ದರೆ ಒಂದು ಲೀಟರಿಗೇ ಬೆರೆಸಿ, ಅಂದಾಜು ಬೇಡ. ಐದು ಗಂಟೆ ಬರೀ ನೀರನ್ನೇ ಹೊಟ್ಟೆ ತುಂಬ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ಅಪಾಯವಾಗಬಹುದು. ಬಾಯಾರಿದಾಗ ಕುಡಿಯಿರಿ.

ಓಟದ ಮುಂಚೆ ಒಂದು ಏಲಕ್ಕಿ ಬಾಳೆ, ಅರ್ಧ ಲೋಟ ಕಾಫಿ. ಹಿಂದಿನ ರಾತ್ರಿ ಅನ್ನ, ತಿಳಿಸಾರು. ಇಷ್ಟನ್ನು ಪಾಲಿಸುವುದು ಡಿಸೆಂಬರಿನಲ್ಲಿ ಎಷ್ಟು ಕಷ್ಟ ಅಂತ ಈ ಊರಿನವರಿಗೆ ಹೇಳಬೇಕಾಗಿಲ್ಲ. ಸೊಗಡಿನ ಅವರೆ ಬಂದಿರುತ್ತದೆ. ಒಂದು ಶನಿವಾರ ಅತ್ತೆ ಮಧ್ಯಾಹ್ನವೆಲ್ಲ ಕೂತು ಬೇಳೆ ಹಿತುಕಿ, ರಾತ್ರಿ ಸಾರು ಮಾಡಿ, ಮುದ್ದೆಯ ಜೊತೆ ತಟ್ಟೆ ಮುಂದಿಟ್ಟರು. ಎರಡನೇ ಸಲವೂ ಬಡಿಸಿಕೊಂಡೆ. ಮಾರನೆ ದಿನ 28 ಕಿ.ಮೀ. ಇತ್ತು. ನನ್ನ ಜೊತೆಗಾತಿಯರು ಅವತ್ತು ಹತ್ತು ಹೆಜ್ಜೆ ಮುಂದೆಯೇ ಓಡಿದರು, ಅಷ್ಟು ಹೇಳಿದರೆ ಸಾಕಲ್ವಾ? ಹಿತಕಬೇಳೆ ಸಾರು ಭಾನುವಾರ ಮಧ್ಯಾಹ್ನಕ್ಕೆ, ಓಟ ಮುಗಿದ ಮೇಲೆ. ಈಗ ನಮ್ಮ ಮನೆಯಲ್ಲಿ ಇದು ಕಾನೂನು.

ರೇಸಿನ ಹೊತ್ತಿಗೇ ಸಂಕ್ರಾಂತಿ. ಎಳ್ಳು ಬೀರಲು ಹೋಗಿ, ಬೆಲ್ಲ ಕಬ್ಬು ಧಾರಾಳವಾಗಿ ತಿನ್ನಿ, ಹೇಗೂ ಸಕ್ಕರೆ ಬೇಕು. ಕೊಬ್ಬರಿ, ಕಡಲೆಬೀಜ ಸ್ವಲ್ಪ ಕಡಿಮೆ ಇರಲಿ. ಹೊಸದೇನನ್ನೂ ಆ ವಾರ ಶುರು ಮಾಡಬೇಡಿ.

ಉದ್ಯಾನ್ ಎಕ್ಸ್‌ಪ್ರೆಸ್ ರೈಲು ಹಿಡಿದರೆ ಮುಂಬೈಯ ದೊಡ್ಡ ನಿಲ್ದಾಣ ಸಿಎಸ್‌ಎಂಟಿಗೇ ಇಳಿಸುತ್ತದೆ, ಪೂರ್ಣ ಮ್ಯಾರಥಾನಿನ ಸ್ಟಾರ್ಟ್ ಅದರ ಎದುರಿಗೇ. ಆದರೆ ಇಡೀ ದಿನದ ಪ್ರಯಾಣ, ಮತ್ತು ರೇಸಿನ ದಿನ ಬಿಬ್ (ಎದೆಗೆ ಚುಚ್ಚಿಕೊಳ್ಳುವ ನಂಬರ್ ಚೀಟಿ) ಕೊಡುವುದಿಲ್ಲ. ಅದಕ್ಕೆ ಶುಕ್ರವಾರಕ್ಕೆಲ್ಲ ಅಲ್ಲಿರಿ. ನಮ್ಮೂರಿನ ಜನವರಿ ಚಳಿಯಲ್ಲಿ ಓಡಿ ಅಭ್ಯಾಸವಾದ ಮೈಗೆ ಮುಂಬೈಯ ಬೆವರು ಹೊಸದು. ಬೆಂಗಳೂರಿನಲ್ಲಿ ಓಡುವ ವೇಗಕ್ಕಿಂತ ಕಿಲೋಮೀಟರಿಗೆ 10–15 ಸೆಕೆಂಡ್ ಬಿಟ್ಟುಕೊಟ್ಟೇ ಶುರು ಮಾಡಿ. ತೋಳಿನ ಸಂದು, ತೊಡೆ, ಬ್ರಾ ಪಟ್ಟಿ ಉಜ್ಜುವ ಜಾಗಕ್ಕೆಲ್ಲ ವ್ಯಾಸಲೀನ್ ಹಚ್ಚಿ. ಮೊದಲ ವರ್ಷ ಬ್ಯಾಂಡು, ಜನ, ಸಮುದ್ರದ ಮೇಲಿನ ಸೇತುವೆ ಸೀ ಲಿಂಕಿನ ಗಾಳಿ ಎಲ್ಲ ತಲೆಗೇರಿ ಮೊದಲರ್ಧವನ್ನು 2 ಗಂಟೆ 31 ನಿಮಿಷಕ್ಕೆ ಮುಗಿಸಿದೆ. ಉಳಿದರ್ಧಕ್ಕೆ 3 ಗಂಟೆ 7 ನಿಮಿಷ. 30 ಕಿ.ಮೀ. ದಾಟಿದ ಮೇಲೆ ಬಂದ ಪೆಡ್ಡರ್ ರೋಡನ್ನು ಪೂರ್ತಿ ನಡೆದೆ. ಬಾಲ್ಕನಿಯಿಂದ ಒಬ್ಬ ಅಜ್ಜಿ ಏನೋ ಕೂಗಿದರು, ಭಾಷೆ ತಿಳಿಯಲಿಲ್ಲ, ಅತ್ತೆ ಕೇಳಿದ ಪ್ರಶ್ನೆಯೇ ಇರಬೇಕು. ಎರಡನೇ ವರ್ಷ ಮೊದಲರ್ಧ 2.42, ಎರಡನೆಯದು 2.39. ಆ ಏರನ್ನು ಓಡಿಯೇ ಹತ್ತಿದೆ, ರಾಮಾಂಜನೇಯ ಗುಡ್ಡದ ಪುಣ್ಯ.

ಮುಗಿದ ಮೇಲೆ ಕೂಡಲೇ ಕೂರಬೇಡಿ, ಹತ್ತು ಹದಿನೈದು ನಿಮಿಷ ನಡೆಯಿರಿ. ಎರಡು ಮೂರು ದಿನ ಮೆಟ್ಟಿಲು ಇಳಿಯುವುದು ನರಕ, ಮೆಟ್ಟಿಲ ಕಂಬಿ ಹಿಡಿದು ಹಿಂದುಮುಂದಾಗಿ ಇಳಿದರೆ ಸ್ವಲ್ಪ ವಾಸಿ. ಎರಡು ವಾರ ಶೂ ಮುಟ್ಟಬೇಡಿ. ಇನ್ನೊಂದು, ವಾಪಸ್ ಟಿಕೆಟ್ ಮಾಡಿಸುವಾಗ ಲೋಯರ್ ಬರ್ತ್ ಕೇಳಿ. ಮೊದಲ ವರ್ಷ ನನ್ನದು ಅಪ್ಪರ್ ಆಗಿತ್ತು.