ಹಳೇ ಕಂಪನಿಗೆ ವಾಪಸ್ ಹೋಗ್ಬೇಕಾ? ಹೂಂ ಅನ್ನೋ ಮುಂಚೆ ಇಷ್ಟು ನೋಡ್ಕೊಳಿ

ಹಳೇ ಮ್ಯಾನೇಜರ್ ವಾಟ್ಸಾಪ್‌ನಲ್ಲಿ "ಹೇಗಿದೀಯಾ, ನಮ್ಮಲ್ಲೊಂದು ಪೊಸಿಷನ್ ಓಪನ್ ಆಗಿದೆ" ಅಂತ ಮೆಸೇಜ್ ಹಾಕಿದ್ರೆ ಯಾರಿಗಾದ್ರೂ ಖುಷಿ ಆಗುತ್ತೆ, ನಮ್ಮನ್ನ ನೆನಪಿಟ್ಕೊಂಡಿದಾರಲ್ಲ ಅಂತ. ಆ ಖುಷಿಲಿ ಉತ್ತರ ಕೊಡ್ಬೇಡಿ, ಎರಡು ದಿನ ಟೈಮ್ ಕೇಳಿ. ನಾನೂ ಬಿಟ್ಟ ಕಂಪನಿಗೆ ಎರಡು ವರ್ಷ ಆದ್ಮೇಲೆ ವಾಪಸ್ ಹೋದವನು, ಆಗ ಏನೇನು ನೋಡ್ಕೊಂಡಿದ್ರೆ ಚೆನ್ನಾಗಿತ್ತು ಅನ್ನೋದನ್ನೇ ಇಲ್ಲಿ ಬರೀತಿದೀನಿ.

ಮೊದಲು ಯಾಕೆ ಬಿಟ್ರಿ ಅನ್ನೋದನ್ನ ಹುಡುಕಿ. ನೆನಪು ಮಾಡ್ಕೊಳಿ ಅಂತಿಲ್ಲ, ಹುಡುಕಿ ಅಂತಿದೀನಿ, ಯಾಕಂದ್ರೆ ಎರಡು ವರ್ಷ ಕಳೆದ್ರೆ ಕ್ಯಾಂಟೀನ್ ಟೀ, ಟೀಮ್ ಔಟಿಂಗ್, ಒಳ್ಳೆ ಸ್ನೇಹಿತರು ಇಷ್ಟೇ ನೆನಪಿರೋದು. ರಿಸೈನ್ ಲೆಟರ್‌ನಲ್ಲಿ ಸಿಗಲ್ಲ, ಅಲ್ಲಿ ಎಲ್ರೂ ಬರೆಯೋದು ಒಳ್ಳೆ ಅವಕಾಶ ಸಿಕ್ಕಿದೆ ಅಂತ. ಆ ಕಂಪನಿಲಿ ಕೊನೆ ಮೂರು ತಿಂಗಳು ನಿಮ್ಮ ಆಪ್ತ ಸ್ನೇಹಿತರ ಜೊತೆ ಮಾಡಿರೋ ಚಾಟ್ ತೆಗೆದು ಓದಿ. ರಾತ್ರಿ ಹನ್ನೊಂದಕ್ಕೆ ಏನು ಟೈಪ್ ಮಾಡಿದ್ರಿ, ಯಾರ ಮೇಲೆ ಬೇಜಾರಿತ್ತು, ಭಾನುವಾರ ಸಂಜೆ ಹೇಗನಿಸ್ತಿತ್ತು, ಎಲ್ಲಾ ಅಲ್ಲಿದೆ. ಓದಿ ಒಂದು ಹಾಳೆ ಮೇಲೆ ಬರ್ಕೊಳಿ.

ಆಮೇಲೆ ಒಂದೊಂದೇ ಕಾರಣ ಹಿಡಿದು ಇದು ಈಗ ಬದಲಾಗಿದೆಯಾ ಅಂತ ಕೇಳ್ಕೊಳಿ. ನಾನು ಬಿಟ್ಟಿದ್ದಕ್ಕೆ ದೊಡ್ಡ ಕಾರಣ ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ಟ್ರಾಫಿಕ್, ಜಯನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ದಿನಾ ಹೋಗಿ ಬರೋ ಅಷ್ಟರಲ್ಲಿ ಜೀವ ಹೋಗ್ತಿತ್ತು. 2025ರ ಆಗಸ್ಟ್‌ನಲ್ಲಿ ಆರ್.ವಿ. ರೋಡಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೋ ಶುರುವಾಯ್ತು, 19 ಕಿಲೋಮೀಟರ್, 16 ಸ್ಟೇಷನ್, ಆ ಕಾರಣ ನಿಜವಾಗ್ಲೂ ಬದಲಾಯ್ತು. ಮ್ಯಾನೇಜರ್ ಕಾರಣ ಆಗಿದ್ರೆ ಅವರು ಹೋಗಿದಾರಾ ಅಥವಾ ಪ್ರಮೋಷನ್ ಆಗಿ ಇನ್ನೂ ಮೇಲೆ ಕೂತಿದಾರಾ ನೋಡಿ, ಮೇಲಿದ್ರೆ ನಿಮ್ಮ ರೇಟಿಂಗ್ ಕೊನೆಗೆ ಅವರ ಟೇಬಲ್‌ಗೇ ಹೋಗುತ್ತೆ.

ಸಂಬಳಕ್ಕೋಸ್ಕರ ಬಿಟ್ಟಿದ್ರೆ ಇನ್ನೂ ಹುಷಾರಾಗಿರಿ. ವಾಪಸ್ ಕರೆಯೋವಾಗ 40% ಜಾಸ್ತಿ ಕೊಡ್ತೀವಿ ಅನ್ಬಹುದು, ಅದು ನೀವು ಹೊರಗಡೆ ಹೋಗಿ ಬೆಳೆಸ್ಕೊಂಡಿರೋ ಬೆಲೆ, ಒಳಗಿನ ಅಪ್ರೈಸಲ್ ಪದ್ಧತಿ ಹಾಗೇ ಇದ್ರೆ ಮುಂದಿನ ವರ್ಷದಿಂದ ಅದೇ ಹಳೇ ಹೈಕ್. ಅಂದ್ರೆ ಸೇರೋವಾಗ ಸಿಕ್ಕಿದ್ದೇ ಸಿಕ್ಕಿದ್ದು. ಅದಕ್ಕೇ ಹಳೇ ಸಂಬಳದ ಮೇಲೆ ಲೆಕ್ಕ ಹಾಕೋಕೆ ಬಿಡಬೇಡಿ, ಹೊರಗಿಂದ ಬರೋ ಹೊಸಬರಿಗೆ ಅದೇ ಕೆಲಸಕ್ಕೆ ಏನು ಕೊಡ್ತಾರೋ ಅದನ್ನೇ ಕೇಳಿ, ಬ್ಯಾಂಡ್ (ಅಂದ್ರೆ ಕಂಪನಿಲಿ ನಿಮ್ಮ ಗ್ರೇಡ್) ಕೂಡ ಈಗಿನ ಅನುಭವಕ್ಕೆ ತಕ್ಕ ಹಾಗಿರ್ಲಿ.

"ಹಳೇ ಗಂಡನ ಪಾದವೇ ಗತಿ" ಅಂತ ಆಡ್ಕೊಳೋರು ಇರ್ತಾರೆ, ತಲೆಗೆ ಹಾಕ್ಕೊಬೇಡಿ. ನಂದನ್ ನಿಲೇಕಣಿ 2009ರಲ್ಲಿ ಇನ್ಫೋಸಿಸ್ ಬಿಟ್ಟು ಆಧಾರ್ ಕೆಲಸಕ್ಕೆ ಹೋದ್ರು, 2017ರಲ್ಲಿ ವಾಪಸ್ ಬಂದ್ರು, ಆದ್ರೆ ಹಿಂದೆ ಕೂತಿದ್ದ ಸಿಇಒ ಕುರ್ಚಿಗಲ್ಲ, ನಾನ್ ಎಕ್ಸಿಕ್ಯುಟಿವ್ ಚೇರ್ಮನ್ ಆಗಿ. ನಮ್ಮ ಮಟ್ಟಕ್ಕೂ ಅದೇ ಪ್ರಶ್ನೆ ಕೇಳ್ಕೊಬಹುದು: ನನ್ನನ್ನ ಕರೀತಿರೋದು ಹೊಸ ಕೆಲಸಕ್ಕಾ, ಇಲ್ಲಾ ಹಳೇ ಕೋಡ್ ಗೊತ್ತಿರೋನು ಇನ್ನೊಬ್ಬ ಇಲ್ಲ ಅಂತಾನಾ? ಎರಡನೇದಾದ್ರೆ ಬಿಟ್ಟ ದಿನ ಬಾಕಿ ಇದ್ದ ಕೆಲಸಗಳೇ ನಿಮಗೆ ಕಾಯ್ತಿರುತ್ವೆ. ಆ ಸೀಟ್ ಯಾಕೆ ಖಾಲಿ ಆಯ್ತು ಅಂತ ಕೇಳಿ, ಆದ್ರೆ ಮ್ಯಾನೇಜರ್‌ನ ಅಲ್ಲ, ಈಗ್ಲೂ ಅಲ್ಲೇ ಇರೋ ಹಳೇ ಟೀಮ್‌ಮೇಟ್‌ನ, ಫೋನಲ್ಲೂ ಅಲ್ಲ, ಕಾಫಿಗೆ ಕರ್ಕೊಂಡು ಹೋಗಿ. ಆ ಟೀಮಲ್ಲಿ ನಿಮ್ಮ ಕಾಲದವರು ಎಷ್ಟು ಜನ ಉಳಿದಿದಾರೆ ಅಂತ್ಲೂ ಕೇಳಿ, ಯಾರೂ ಇಲ್ಲ ಅಂದ್ರೆ ನೀವು ಹೋಗ್ತಿರೋದು ಹಳೇ ಹೆಸರಿರೋ ಹೊಸ ಕಂಪನಿಗೆ.

ಈಗ ದುಡ್ಡಿನ ವಿಷಯ, ಇಲ್ಲೇ ನಾನು ತಪ್ಪು ತಿಳ್ಕೊಂಡಿದ್ದು. ಅಲ್ಲಿ 4 ವರ್ಷ 3 ತಿಂಗಳು ಕೆಲಸ ಮಾಡಿದ್ದೆ, ವಾಪಸ್ ಹೋಗಿ ಇನ್ನೊಂದು ವರ್ಷ ಮಾಡಿದ್ರೆ ಗ್ರಾಚ್ಯುಯಿಟಿಗೆ (ವರ್ಷಗಟ್ಟಲೆ ದುಡಿದಿದ್ದಕ್ಕೆ ಬಿಡೋವಾಗ ಕಂಪನಿ ಕೊಡೋ ದುಡ್ಡು) ಐದು ವರ್ಷ ಆಗುತ್ತೆ ಅಂದ್ಕೊಂಡಿದ್ದೆ. ಆಗಲ್ಲ. ಪರ್ಮನೆಂಟ್ ಕೆಲಸದಲ್ಲಿ ಸತತ 5 ವರ್ಷ ಬೇಕು, ರಾಜೀನಾಮೆ ಕೊಟ್ಟು ಹೋದ್ರೆ ಆ ಸರಪಳಿ ಕಟ್ ಆಗುತ್ತೆ, ವಾಪಸ್ ಬಂದ ದಿನದಿಂದ ಮತ್ತೆ ಒಂದರಿಂದ ಎಣಿಕೆ. ಲೆಕ್ಕ ಹೀಗಿರುತ್ತೆ, ಕೊನೆ ತಿಂಗಳ ಬೇಸಿಕ್ ಮತ್ತು ಡಿಎ, ಅಂದ್ರೆ ತುಟ್ಟಿಭತ್ಯೆ (ಇವೆರಡು ಒಟ್ಟು ಸಂಬಳದ ಅರ್ಧಕ್ಕಿಂತ ಕಮ್ಮಿ ಇದ್ರೆ ಈಗಿನ ಕಾನೂನಲ್ಲಿ ಆ ಅರ್ಧನೇ ಲೆಕ್ಕ) ಇಂಟು 15, ಭಾಗಿಸು 26, ಇಂಟು ವರ್ಷ. ಆ ಮೊತ್ತ 40,000 ಇದ್ರೆ ಐದು ವರ್ಷಕ್ಕೆ ಸುಮಾರು 1,15,000 ರೂಪಾಯಿ. ಹಳೇ ಸರ್ವಿಸ್ ಸೇರಿಸ್ತೀವಿ ಅಂತ ಎಚ್‌ಆರ್ ಬಾಯಲ್ಲಿ ಹೇಳಿದ್ರೆ ಆಫರ್ ಲೆಟರ್‌ನಲ್ಲಿ ಬರೆಸ್ಕೊಳಿ. ಮತ್ತೆ ಈಗಿರೋ ಕಂಪನಿಲಿ ನಾಲ್ಕೂವರೆ ವರ್ಷ ಆಗಿದ್ರೆ ಆತುರ ಬೇಡ, ಐದು ಮುಗಿಸಿ ಹೊರಡೋ ಹಾಗೆ ಜಾಯ್ನಿಂಗ್ ಡೇಟ್ ಕೇಳಿ.

ಪಿಎಫ್‌ದು ಅಷ್ಟು ತಲೆಬಿಸಿ ಇಲ್ಲ, ಯುಎಎನ್ (ನಿಮ್ಮ ಪಿಎಫ್ ನಂಬರ್) ಅದೇ ಇರುತ್ತೆ, ಈಗಿನ ಕಂಪನಿ ದುಡ್ಡು ಟ್ರಾನ್ಸ್‌ಫರ್ ಆಯ್ತಾ ಅಂತ ಪಾಸ್‌ಬುಕ್ ನೋಡಿ. ಮಧ್ಯದಲ್ಲಿ ತೆಗೀಬೇಡಿ, ಐದು ವರ್ಷ ಆಗೋ ಮುಂಚೆ 50,000 ರೂಪಾಯಿ ಅಥವಾ ಜಾಸ್ತಿ ತೆಗೆದ್ರೆ ಕೊಡೋ ಮುಂಚೆನೇ 10% ಟ್ಯಾಕ್ಸ್ (ಟಿಡಿಎಸ್) ಹಿಡೀತಾರೆ, ಪೆನ್ಷನ್‌ಗೆ ಬೇಕಾದ 10 ವರ್ಷದ ಸರ್ವಿಸ್‌ಗೂ ಪೆಟ್ಟು ಬೀಳಬಹುದು. ವರ್ಷದ ಮಧ್ಯೆ ಕಂಪನಿ ಬದಲಾದ್ರೆ ಈ ಕಡೆ ಸಂಬಳದ ವಿವರ ಆ ಕಡೆ ಕೊಡಿ, ಇಲ್ಲಾಂದ್ರೆ ಇಬ್ರೂ ಸ್ಟ್ಯಾಂಡರ್ಡ್ ಡಿಡಕ್ಷನ್ (ಟ್ಯಾಕ್ಸ್ ಲೆಕ್ಕದಲ್ಲಿ ಸಂಬಳದಿಂದ ಬಿಡೋ ಮೊತ್ತ, ಹೊಸ ಪದ್ಧತಿಲಿ 75,000) ಕಳೆದು ರಿಟರ್ನ್ ಹಾಕೋವಾಗ ಟ್ಯಾಕ್ಸ್ ನಿಮ್ಮ ತಲೆ ಮೇಲೆ ಬರುತ್ತೆ.

ಇನ್ನೊಂದು ಮಾತು, ಹೊಸ ಕಂಪನಿಗೆ ಸೇರಿ ಮೂರ್ನಾಲ್ಕು ತಿಂಗಳಷ್ಟೇ ಆಗಿದ್ರೆ ದಯವಿಟ್ಟು ಸ್ವಲ್ಪ ತಡ್ಕೊಳಿ. ಯಾರ ಪರಿಚಯಾನೂ ಇಲ್ಲದ ಜಾಗದಲ್ಲಿ ಮಧ್ಯಾಹ್ನ ಒಬ್ಬರೇ ಊಟ ಮಾಡೋವಾಗ ಹಳೇ ಆಫೀಸ್ ಸ್ವರ್ಗ ಅನ್ಸುತ್ತೆ, ಅದು ಬರೀ ಒಂಟಿತನ ಇರಬಹುದು, ಎಷ್ಟೋ ಜನಕ್ಕೆ ಆರು ತಿಂಗಳಲ್ಲಿ ಕಮ್ಮಿ ಆಗುತ್ತೆ. ಆದ್ರೆ ಇಲ್ಲಿ ಬೈಗುಳ, ಸಂಬಳ ತಡ, ಆರೋಗ್ಯ ಕೆಡ್ತಿರೋದು ಇದ್ರೆ ಕಾಯ್ಬೇಡಿ, ಹೊರಡಿ.

ಹೂಂ ಅನ್ನೋದಾದ್ರೆ ಬ್ಯಾಂಡ್, ಮೊದಲ ಪ್ರಾಜೆಕ್ಟ್, ಪ್ರೊಬೇಷನ್ ಮತ್ತೆ ಇದೆಯಾ, ಜಾಯ್ನಿಂಗ್ ಬೋನಸ್ ಎಷ್ಟು ತಿಂಗಳೊಳಗೆ ಬಿಟ್ರೆ ವಾಪಸ್ ಕಟ್ಟಬೇಕು, ಇದೆಲ್ಲಾ ಲೆಟರ್‌ನಲ್ಲಿ ಕಂಡ ಮೇಲೇ ಇಲ್ಲಿ ರಿಸೈನ್ ಮಾಡಿ. 90 ದಿನದ ನೋಟಿಸ್ ಶುರುವಾದ್ಮೇಲೆ ಚೌಕಾಸಿ ಮಾಡೋ ಶಕ್ತಿ ನಿಮ್ಮ ಕೈಲಿರಲ್ಲ. ಬೇಡ ಅನ್ನೋದಾದ್ರೆ ಉದ್ದ ವಿವರಣೆ ಬೇಕಿಲ್ಲ, "ಕೇಳಿದ್ದಕ್ಕೆ ಥ್ಯಾಂಕ್ಸ್ ಸರ್, ಈಗ ಇಲ್ಲೊಂದು ಕೆಲಸದ ಮಧ್ಯೆ ಇದೀನಿ, ಮಾರ್ಚ್ ಆದ್ಮೇಲೆ ಒಂದ್ಸಲ ಮಾತಾಡೋಣ" ಅಂತ ಎರಡನೇ ದಿನ ಸಂಜೆಯೊಳಗೆ ಕಳಿಸಿ, ಅವರೂ ಬೇರೆಯವರನ್ನ ಹುಡುಕ್ಬೇಕಲ್ಲ.