ಸಿಇಒ ಬಂದ್ರು ಸರಿ, ಸೈನ್ ಮಾಡೋರು ಯಾರು?

ನಾನು ಪೀಣ್ಯದ ಒಂದು ಆಟೋ ಪಾರ್ಟ್ಸ್ ಕಂಪನೀಲಿ ಅಕೌಂಟ್ಸ್ ಹುಡುಗನಾಗಿ ಸೇರ್ಕೊಂಡವ್ನು, ಕೊನೆಗೆ ಅಲ್ಲೇ ಸಿಎಫ್‌ಒ, ಅಂದ್ರೆ ಹಣಕಾಸಿನ ಮುಖ್ಯಸ್ಥ ಆದೆ. ಬುದ್ಧಿವಂತಿಕೆಯಿಂದ ಆದೆ ಅಂತ ಹೇಳ್ಕೊಳ್ಳೋಕೆ ಆಸೆ ಏನೋ ಇದೆ, ಆದ್ರೆ ನಡೆದಿದ್ದು ಬೇರೆ. ಕಂಪನಿ ಪಬ್ಲಿಕ್ ಲಿಮಿಟೆಡ್ ಆಗಿ ಪೇಯ್ಡ್ ಅಪ್ ಕ್ಯಾಪಿಟಲ್ (ಷೇರುದಾರರು ಹಾಕಿರೋ ಬಂಡವಾಳ) 10 ಕೋಟಿ ದಾಟ್ತು, 2013ರ ಕಂಪನಿ ಕಾಯ್ದೆ ಸೆಕ್ಷನ್ 203 ಪ್ರಕಾರ ಅಂಥ ಕಂಪನೀಲಿ ಎಂಡಿ ಇಲ್ಲಾ ಸಿಇಒ ಇಲ್ಲಾ ಮ್ಯಾನೇಜರ್, ಇವ್ರ್ಯಾರೂ ಇಲ್ದಿದ್ರೆ ಹೋಲ್ ಟೈಮ್ ಡೈರೆಕ್ಟರ್, ಜೊತೆಗೆ ಒಬ್ರು ಕಂಪನಿ ಸೆಕ್ರೆಟರಿ (ಕಂಪನಿ ಕಾನೂನು ಪಾಲನೆ ನೋಡ್ಕೊಳ್ಳೋರು), ಒಬ್ಬ ಸಿಎಫ್‌ಒ ಇರ್ಲೇಬೇಕು. ಕೈಗೆ ಸಿಕ್ಕವ್ನು ನಾನು, ಮಾಡ್ಬಿಟ್ರು.

ಯಜಮಾನ್ರು ಎಂಡಿ, ಅವ್ರ ಅಣ್ಣ ಅಂದ್ರೆ ದೊಡ್ಡ ಯಜಮಾನ್ರು ಚೇರ್ಮನ್. ಆಮೇಲೆ ಹೊರಗಿಂದ ಒಬ್ರು ಸಿಇಒನ ಕರ್ಕೊಂಡು ಬಂದ್ರು. ಒಳ್ಳೆ ಮನುಷ್ಯ, ಕೆಲಸ ಗೊತ್ತಿತ್ತು. ಬಂದ ಎರಡನೇ ತಿಂಗಳಲ್ಲೇ ಒಂದು ಸಿಎನ್‌ಸಿ (ಕಂಪ್ಯೂಟರ್‌ನಿಂದ ನಡೆಯೋ) ಮಷೀನಿಗೆ ಮೇಲ್‌ನಲ್ಲೇ ಓಕೆ ಅಂದ್ಬಿಟ್ಟು, ಅಡ್ವಾನ್ಸ್ ರಿಲೀಸ್ ಮಾಡಿ ಅಂತ ನನ್ನ ಹತ್ರ ಬಂದ್ರು. ಅಪ್ರೂವಲ್ ಎಲ್ಲಿ ಸಾರ್ ಅಂದೆ. "ನಾನೇ ಸಿಇಒ ಕಣ್ರೀ, ನನ್ನ ಅಪ್ರೂವಲ್ ಸಾಲ್ದಾ?" ಅಂದ್ರು. ನನಗೂ ಉತ್ತರ ಗೊತ್ತಿರ್ಲಿಲ್ಲ ನಿಜ ಹೇಳ್ಬೇಕಂದ್ರೆ.

ಉತ್ತರ ಹೇಳಿದ್ದು ನಮ್ಮ ಕಂಪನಿ ಸೆಕ್ರೆಟರಿ ಮೇಡಂ (ಅವ್ರನ್ನ ಅರ್ಧ ಆಫೀಸು ಯಜಮಾನ್ರ ಪಿಎ ಅಂದ್ಕೊಂಡಿತ್ತು, ಕಾಫಿ ಬೇಕು ಅಂತ ಅವ್ರ ಎಕ್ಸ್‌ಟೆನ್ಷನ್‌ಗೆ ಫೋನ್ ಬೇರೆ ಬರ್ತಿತ್ತು). ಎಂಡಿ ಅಂದ್ರೆ ಬೋರ್ಡಿನಲ್ಲಿ ಕೂತಿರೋ ಡೈರೆಕ್ಟರು, ಕಂಪನಿ ನಡೆಸೋ ದೊಡ್ಡ ಅಧಿಕಾರನ ಅವ್ರಿಗೆ ಆರ್ಟಿಕಲ್ಸ್ (ಕಂಪನಿಯ ಒಳನಿಯಮಗಳು) ಮೂಲಕವೋ ಬೋರ್ಡ್ ಮೂಲಕವೋ ಅಧಿಕೃತವಾಗಿ ವಹಿಸಿರ್ತಾರೆ. ಸಿಇಒ ಅಂದ್ರೆ ಕಾಯ್ದೆ ಕಣ್ಣಲ್ಲಿ ಕಂಪನಿ ಆ ಹೆಸ್ರು ಕೊಟ್ಟಿರೋ ಒಬ್ಬ ಆಫೀಸರ್, ಅಷ್ಟೇ, ಡೈರೆಕ್ಟರ್ ಆಗಿರ್ಬೇಕು ಅಂತೇನಿಲ್ಲ. ಏನೇನು ಮಾಡ್ಬಹುದು ಅನ್ನೋದನ್ನ ಬರೆದು ಕೊಟ್ಟಿದ್ರೆ ಉಂಟು, ನಾವು ಕೊಟ್ಟಿದ್ದು ವಿಸಿಟಿಂಗ್ ಕಾರ್ಡ್ ಮಾತ್ರ. ಇನ್ನು ಟರ್ಮ್ ಲೋನ್ ಅಂತ ಹೋದ್ರೆ ಬ್ಯಾಂಕಿನವ್ರು ಬೋರ್ಡ್ ರೆಸಲ್ಯೂಷನ್ ಇಲ್ದೆ ಫೈಲೇ ಮುಟ್ಲಿಲ್ಲ.

ಮೇಡಂ ನಾನೂ ಕೂತು ಒಂದು ಎ4 ಶೀಟ್ ಮಾಡಿದ್ವಿ. ಯಾರು ಎಷ್ಟು ದುಡ್ಡಿನ ತನಕ ಹೂಂ ಅನ್ಬಹುದು ಅಂತ. ಪರ್ಚೇಸ್ ಹೆಡ್, ಆಮೇಲೆ ಸಿಒಒ (ಫ್ಯಾಕ್ಟರಿಯ ದಿನದ ಕೆಲಸ ನಡೆಸೋರು), ಅದ್ರ ಮೇಲೆ ಸಿಇಒ, ಅದಕ್ಕೂ ಮೇಲೆ ಎಂಡಿ, ಕೊನೆಗೆ ಬೋರ್ಡು. ಅದ್ರಲ್ಲಿ ನನ್ನ ಕಾಲಂ ನೋಡಿ ಬೇಜಾರಾಯ್ತು, ಹೂಂ ಅನ್ನೋ ಕಡೆ ಖಾಲಿ, ತಡೆಯೋ ಕಡೆ ಮಾತ್ರ ಟಿಕ್ಕು.

ಕಷ್ಟ ಆಗಿದ್ದು ಚೇರ್ಮನ್ ವಿಷ್ಯ. ದೊಡ್ಡ ಯಜಮಾನ್ರು ಬೆಳಗ್ಗೆ ಶಾಪ್ ಫ್ಲೋರಿಗೆ ಬಂದು ಪ್ಲಾನ್ ಬದಲಾಯಿಸಿ ಹೋಗ್ಬಿಡೋರು. ಅವ್ರಿಗೆ ಹೇಳೋದು ಹೆಂಗೆ? ನಾನು ಇನ್ಫೋಸಿಸ್ ಕಥೆ ಹಿಡ್ಕೊಂಡು ಹೋದೆ. ನಾರಾಯಣ ಮೂರ್ತಿಯವ್ರು 1981ರಿಂದ 2002ರ ತನಕ ಸಿಇಒ, ಆಮೇಲೆ ಸೀಟು ನಿಲೇಕಣಿಯವ್ರಿಗೆ. ಅದೇ ನಿಲೇಕಣಿ 2017ರಲ್ಲಿ ವಾಪಸ್ ಬಂದಿದ್ದು ನಾನ್ ಎಕ್ಸಿಕ್ಯೂಟಿವ್ (ದಿನದ ಆಡಳಿತ ನಡೆಸದ) ಚೇರ್ಮನ್ ಆಗಿ, 2018ರ ಜನವರಿಯಿಂದ ಸಿಇಒ ಆಗಿದ್ದು ಸಲೀಲ್ ಪಾರೇಖ್. ಚೇರ್ಮನ್ ನಡೆಸೋದು ಬೋರ್ಡನ್ನ ಸಾರ್, ಫ್ಲೋರನ್ನಲ್ಲ ಅಂದೆ. ಸುಮ್ನೆ ಕೇಳಿಸ್ಕೊಂಡ್ರು, ವಾರಕ್ಕೆರಡು ದಿನ ಬರೋದು ಮಾತ್ರ ಬಿಡ್ಲಿಲ್ಲ.

ಆಮೇಲೆ ಸಿಒಒ ಕೆಲಸ ಬಿಟ್ರು, ನಾಲ್ಕು ತಿಂಗಳು ಆ ಚಾರ್ಜೂ ನನಗೇ ಬಂತು. ಸಿಎಫ್‌ಒ ಕುರ್ಚೀಲಿ ಕೂತು ನಾನು 45 ದಿನದ ಸ್ಟೀಲ್ ಸ್ಟಾಕ್ ಯಾಕ್ರೀ, ಬ್ಯಾಂಕ್ ಕೊಟ್ಟಿರೋ ಓಡಿ (ಓವರ್‌ಡ್ರಾಫ್ಟ್ ಸಾಲ) ಲಿಮಿಟ್ ಎಲ್ಲಾ ಅಲ್ಲೇ ಹೂತೋಗಿದೆ ಅಂತ ತಿಂಗ್ಳಾ ತಿಂಗ್ಳಾ ಜಗಳ ಆಡ್ತಿದ್ದವ್ನು. ಈ ಕಡೆ ಬಂದ್ಮೇಲೆ ಒಂದೇ ಒಂದು ಸೈಜಿನ ರಾಡ್ ಬರ್ದೆ ಲೈನ್ ನಿಂತೋಯ್ತು, ರಾತ್ರಿ ಹನ್ನೊಂದಕ್ಕೆ ಕಸ್ಟಮರ್ ಫೋನು, ಲೈನ್ ನಿಂತಿದ್ದಕ್ಕೆ ನಮ್ಮ ಹೆಸ್ರಿಗೆ ಡೆಬಿಟ್ ನೋಟ್ (ನಮ್ಮ ಬಿಲ್ಲಲ್ಲಿ ಹಣ ಕಡಿತ). ಮುಂದಿನ ತಿಂಗಳಿಂದ ನಾನೇ 50 ದಿನದ ಸ್ಟಾಕ್ ಇಟ್ಟೆ, ನಮ್ಮ ಅಕೌಂಟ್ಸ್ ಮ್ಯಾನೇಜರ್ ನಂದೇ ಹಳೇ ಮೇಲ್ ಕಾಪಿ ಮಾಡಿ ನನಗೇ ಕಳಿಸ್ದ.

ಸಿಇಒ ಸಾಹೇಬ್ರಿಗೆ ಆ ಎ4 ಶೀಟ್ ಮೇಲಿನ ಸಿಟ್ಟು ಬಹಳ ದಿನ ಇತ್ತು. ವರ್ಷದ ಕೊನೇಲಿ ಬ್ಯಾಲೆನ್ಸ್ ಶೀಟ್ ಬಂತು, ಡೈರೆಕ್ಟರ್‌ಗಳ ಜೊತೆ ಸಿಇಒ, ಸಿಎಫ್‌ಒ, ಸೆಕ್ರೆಟರಿ ಎಲ್ರೂ ಸೈನ್ ಹಾಕ್ಬೇಕು. ತಮ್ಮ ಹೆಸ್ರು ಪ್ರಿಂಟ್ ಆಗಿರೋದು ನೋಡಿದ್ರು, ಪೆನ್ನು ತೆಗೆದವ್ರು ಮತ್ತೆ ಜೇಬಿಗೆ ಹಾಕ್ಕೊಂಡು, "ಕೂತ್ಕೊಳ್ಳಿ, ಲೆಕ್ಕದ ಕೆಳಗಿರೋ ಒಂದೊಂದೇ ನೋಟ್ ಹೇಳಿ" ಅಂದ್ರು. ನಾವು ಮನೆಗೆ ಹೊರಟಾಗ ರಾತ್ರಿ ಒಂಬತ್ತೂವರೆ.